ನಾಲ್ಕು ಮಾತಿನ ಪಾತ್ರ

ಎರಡು ನಿಮಿಷ ಹತ್ತು ಸೆಕೆಂಡು ಕಮ್ಮಿ ಬಿತ್ತು.

ಕಂಟ್ರೋಲ್ ರೂಮಿನ ಮಬ್ಬಿನಲ್ಲಿ ವರ್ನಾ ಸ್ಟಾಪ್‌ವಾಚನ್ನು ನಿರ್ಮಾಪಕ ನೇಟ್ ಗ್ರಾಬರನ ಮೂಗಿನ ಕೆಳಗೆ ಹಿಡಿದಳು. ಕೊನೆಯ ರಿಹರ್ಸಲ್ ಆಗಷ್ಟೇ ಮುಗಿದಿತ್ತು. ಶುಕ್ರವಾರ, ಸಂಜೆ ಐದೂಕಾಲು. ಎಂಟಕ್ಕೆ ನಾಟಕ ಟೀವಿಯಲ್ಲಿ ನೇರವಾಗಿ ಹೋಗಬೇಕು, ಒಂಬತ್ತಕ್ಕೆ ಮುಗಿಯಬೇಕು. ಒಂದು ಸೆಕೆಂಡು ಹೆಚ್ಚಾಗುವಂತಿಲ್ಲ, ಕಮ್ಮಿಯಾಗುವಂತಿಲ್ಲ. ಇಲ್ಲಿ ನಟರು ಆಡಿದ ಮಾತು ಅದೇ ಕ್ಷಣದಲ್ಲಿ ಕ್ಯಾಲಿಫೋರ್ನಿಯಾದವರೆಗೆ ಮನೆಮನೆಗೂ ತಲುಪುತ್ತಿತ್ತು. ತಪ್ಪಾದರೆ ತಿದ್ದಿಕೊಳ್ಳುವ ಮಾತೇ ಇರಲಿಲ್ಲ.

"ಹೋದ ವಾರ ಜಾಸ್ತಿ ಆಯ್ತು ಅಂತ ತಲೆ ಚಚ್ಕೊಂಡ್ರಿ. ಈ ವಾರ ಕಮ್ಮಿ ಆಯ್ತು ಅಂತ ಚಚ್ಕೊಳಿ," ಎಂದಳು ವರ್ನಾ. "ನಾನು ಬರೀ ಗಡಿಯಾರ ಹಿಡಿಯೋಳು."

"ಓಡಿಸಿದ್ದು ಯಾರು?"

"ಇನ್ಯಾರು, ನಮ್ಮ ಮಹಾಸ್ವಾಮಿಗಳು. ಜಡ್ಜ್ ಪಾತ್ರ ಮಾಡೋರು ಯಾರಾದ್ರೂ ಹಾಗೆ ಮಾತಾಡ್ತಾರಾ? ತೀರ್ಪು ಕೊಟ್ಟು ರೈಲು ಹಿಡಿಯೋ ಅವಸರ."

ಮಹಾಸ್ವಾಮಿ ಅಂದರೆ ನಾಯಕ ನಟ ರಾಲ್ಸ್ಟನ್ ಕೀಸ್. ಮೂರು ವಾರ ಬೇಡಿಕೊಂಡ ಮೇಲೆ ಬಂದವನು.

ನಿರ್ದೇಶಕ ಡಡ್ಲಿ ಪ್ರುಯಿಟ್ ತನ್ನ ಕುರ್ಚಿಯಲ್ಲಿ ಗಿರಕಿ ಹೊಡೆದು ಇವರತ್ತ ತಿರುಗಿದ. ಇಪ್ಪತ್ತೊಂಬತ್ತು ವರ್ಷದ ಹುಡುಗುಮುಖದವನು. ಬಾಯಲ್ಲಿ ಪೆನ್ಸಿಲ್ಲು. "ಹೆದರಬೇಡ ನೇಟ್. ಮದ್ದು ಆಗಲೇ ಅರೆದಾಯ್ತು. ಆ ಹೋಟೆಲ್ ಬಾಗಿಲು ಕಾಯೋ ಮುದುಕ ಇದಾನಲ್ಲ, ಅವನಿಗೆ ಮೂರನೇ ಅಂಕದಲ್ಲಿ ಎರಡು ನಿಮಿಷದ ಮಾತು ಕೊಡ್ತೀನಿ. ಕೆಳಗಡೆ ಬರೀತಾ ಕೂತಿದಾರೆ."

"ಬೇಡ," ಎಂದ ನೇಟ್.

ಅಷ್ಟು ಬೇಗ ಹೇಳಬಾರದಿತ್ತು. ಪ್ರುಯಿಟ್ ಪೆನ್ಸಿಲ್ಲು ಬಾಯಿಂದ ತೆಗೆದ.

"ಬೇಡ ಅಂದ್ರೆ? ಇಡೀ ಸ್ಟುಡಿಯೋದಲ್ಲಿ ಮನುಷ್ಯರ ಥರ ಮಾತಾಡೋನು ಅವನೊಬ್ಬನೇ. 'ಒಳಗೆ ಬನ್ನಿ ಸ್ವಾಮಿ, ಚಳಿ ಇದೆ' ಅಂತಾನೆ ಅಷ್ಟೇ, ನನಗೆ ಇಲ್ಲಿ ಕೂತ್ಕೊಂಡು ಚಳಿ ಹತ್ತತ್ತೆ. ಎಲ್ಲಿ ಸಿಕ್ಕಿದ ನಿನಗೆ?"

ನೇಟ್ ಉತ್ತರ ಹುಡುಕುತ್ತಿರುವಾಗಲೇ ಹಿಂದಿನ ಬಾಗಿಲು ತೆರೆಯಿತು. ಮೇಲಿನ ಗಾಜಿನ ಕೋಣೆಯಿಂದ ಕರ್ಟಿಸ್ ವಿಟ್ಲೋ ಇಳಿದು ಬಂದಿದ್ದ. ಕಾರ್ಯಕ್ರಮದ ಖರ್ಚೆಲ್ಲ ಆರ್ಕ್ಟಾ ಫ್ರಿಜ್ ಕಂಪನಿಯದು. ಅವರ ಜಾಹೀರಾತು ಏಜೆನ್ಸಿಯ ಕಣ್ಣು, ಕಿವಿ, ಬಾಯಿ ಎಲ್ಲವೂ ಈ ವಿಟ್ಲೋ. ನೇಟ್‌ಗಿಂತ ಎಂಟು ವರ್ಷ ಚಿಕ್ಕವನು. ಧ್ವನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಮಿಸ್ಟರ್ ಪ್ರುಯಿಟ್ ಹೇಳೋದು ಸರಿ," ಎಂದ. "ಆ ಬಾಗಿಲು ಕಾಯೋರು ನಮಗೆಲ್ಲ ತುಂಬಾ ಹಿಡಿಸಿದ್ರು. ಕಂಪನಿ ಅಧ್ಯಕ್ಷರ ಹೆಂಡತಿ ಕಣ್ಣು ಒರೆಸಿಕೊಂಡ್ರು. ಮಾತು ಕೊಡಿ. ಕೊನೇಲಿ ಹೆಸರೂ ಹಾಕಿ. ಅಂದ ಹಾಗೆ ಏನವರ ಹೆಸರು?"

ವರ್ನಾ ಸ್ಟಾಪ್‌ವಾಚಿಗೆ ಕೀಲಿ ಕೊಡತೊಡಗಿದಳು. ಅದಕ್ಕೆ ಆಗಲೇ ಪೂರ್ತಿ ಕೀಲಿ ಕೊಟ್ಟಾಗಿತ್ತು.

"ಹೊಸಬರು," ಎಂದ ನೇಟ್. "ಕಾಗದ ನೋಡಿ ಹೇಳ್ತೀನಿ."

"ನನಗೆ ಬೇಡ. ಫೋನಲ್ಲಿ ಹೇಳಿಬಿಡಿ. ಏಳರೊಳಗೆ ಆದ್ರೆ ಒಳ್ಳೇದು." ವಿಟ್ಲೋ ನಕ್ಕು ಮೇಲೆ ಹೋದ.

ಐದು ಮಾತಿಗಿಂತ ಕಮ್ಮಿ ಇರುವವರನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನಾಲ್ಕು ಮಾತಾಡಿ ಹೋಗುವವನಿಗೆ ನಾಟಕದ ಕೊನೆಗೆ ಪರದೆಯ ಮೇಲೆ ಓಡುವ ಹೆಸರಿನ ಸುರುಳಿಯಲ್ಲಿ ಜಾಗವಿರಲಿಲ್ಲ, ಹಾಗಾಗಿ ಅವನ ಹೆಸರನ್ನು ಯಾರೂ ಕೇಳುತ್ತಲೂ ಇರಲಿಲ್ಲ. ಐದನೆಯ ಮಾತು ಬಾಯಿಗೆ ಬಂತೋ, ಅವನಿಗೆ ಹೆಸರು ಹುಟ್ಟಿತು. ಆ ಹೆಸರನ್ನು ಏಜೆನ್ಸಿಯ ಒಂದು ನಂಬರಿಗೆ ಫೋನು ಮಾಡಿ ಓದಬೇಕು. ಆ ಕಡೆಯ ಗಂಡಸು ಬರೆದುಕೊಂಡು, ನಲವತ್ತು ನಿಮಿಷದ ಮೇಲೆ ಫೋನು ಮಾಡಿ ಹೌದು ಅಂತಲೋ ಇಲ್ಲ ಅಂತಲೋ ಹೇಳುತ್ತಾನೆ. ಯಾಕೆ ಎಂದು ಕೇಳುವ ಪದ್ಧತಿ ಇಲ್ಲ. ಕಾಗದದ ಮೇಲೆ ಏನೂ ಇಲ್ಲ. ಆದರೆ ಕಾರಣ ಗೊತ್ತಿಲ್ಲದವರು ಯಾರು? ಹದಿನೈದು ವರ್ಷದ ಹಿಂದೆ ಯಾವ ಸಭೆಗೆ ಹೋದೆ, ಯಾವ ಮನವಿಗೆ ರುಜು ಹಾಕಿದೆ, ಯಾವ ಕೆಂಪು ಬಾವುಟದ ಕೆಳಗೆ ಕೂತು ಚಹಾ ಕುಡಿದೆ ಎಂಬುದೆಲ್ಲ ಯಾರದೋ ಡ್ರಾಯರಿನಲ್ಲಿ ಜೋಡಿಸಿಟ್ಟಿತ್ತು. ಕಮ್ಯುನಿಸ್ಟನೆಂಬ ಗುಮಾನಿ ಬಿದ್ದವನಿಗೆ ಟೀವಿಯಲ್ಲಿ ಕೆಲಸವಿರಲಿಲ್ಲ. ಎರಡು ವರ್ಷದಿಂದ ಪ್ರತಿ ಸೋಮವಾರ ನೇಟ್ ಹೆಸರು ಓದುತ್ತ ಬಂದಿದ್ದ. ಹನ್ನೊಂದು ಸಲ ಇಲ್ಲ ಅನ್ನಿಸಿಕೊಂಡಿದ್ದ. ಆ ಹನ್ನೊಂದು ಜನಕ್ಕೂ, ಈ ಪಾತ್ರಕ್ಕೆ ನೀವು ಸ್ವಲ್ಪ ಎತ್ತರವಾದಿರಿ ಅಂತಲೋ, ನಿಮ್ಮ ದನಿ ಕೊಂಚ ಗಡುಸಾಯಿತು ಅಂತಲೋ ಹೇಳಿ ಕಳಿಸಿದ್ದ. ಹೇಳುವವನಿಗೂ ಕೇಳುವವರಿಗೂ ಅದು ಸುಳ್ಳೆಂದು ಗೊತ್ತು. ಇಬ್ಬರೂ ಕೈ ಕುಲುಕುತ್ತಿದ್ದರು.

ಬಾಗಿಲು ಕಾಯುವ ಮುದುಕ ಮೆಂಡಲ್ ಲುಸ್ಟಿಗ್. ರೇಡಿಯೋದಲ್ಲಿ ಹದಿನೈದು ವರ್ಷ ಮೆರೆದ ದನಿ. ಅದಕ್ಕೂ ಮುಂಚೆ, ಊರಿನ ಪೂರ್ವಕ್ಕಿದ್ದ ವಲಸಿಗರ ಬಡ ಕೇರಿಯ ಸಮಾಜಮಂದಿರದ ಪುಟ್ಟ ವೇದಿಕೆಯ ಮೇಲೆ ಹದಿನಾಲ್ಕು ವರ್ಷದ ನೇಟ್‌ಗೆ ಇಂಗ್ಲಿಷ್ ಮಾತಿನ ಕೊನೆಯನ್ನು ನುಂಗದೆ ಆಡುವುದನ್ನು ಕಲಿಸಿದವನು. ಮೂರು ವರ್ಷದಿಂದ ಅವನ ಹೆಸರಿಗೆ ಉತ್ತರ ಒಂದೇ: ಇಲ್ಲ. ಈಗ ಹದಿನಾಲ್ಕನೇ ಬೀದಿಯಲ್ಲಿ ಬೂಟು ಮಾರುತ್ತಿದ್ದ. ರೇಡಿಯೋದವನಾದ್ದರಿಂದ ಮುಖ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ಮಾತು, ಹೆಸರಿಲ್ಲ, ಒಂದು ಸಂಜೆ: ಇಷ್ಟನ್ನು ನಂಬಿ ನೇಟ್ ಅವನನ್ನು ಕರೆತಂದಿದ್ದ. ಪ್ರುಯಿಟ್‌ಗೆ ಹೇಳಿರಲಿಲ್ಲ. ಹೇಳಿದ್ದರೆ ಅವನು ಆ ಮುದುಕನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೇಳದೇ ಹೋದದ್ದರಿಂದ ಪ್ರುಯಿಟ್, ಕಸುಬು ಬಲ್ಲವನು ಮಾಡುವ ತಪ್ಪನ್ನೇ ಮಾಡಿದ. ಸಮಯ ಕಮ್ಮಿ ಬಿದ್ದಾಗ ಎಲ್ಲರಿಗಿಂತ ಚೆನ್ನಾಗಿ ಆಡುವವನಿಗೆ ಮಾತು ಕೊಟ್ಟ.

ಇವತ್ತೇ ಹೀಗಾಗಬೇಕಿತ್ತೆ? ಕ್ಯಾಲಿಫೋರ್ನಿಯಾದ ಒಂದು ಸ್ಟುಡಿಯೋ ನೇಟ್‌ನನ್ನು ಕರೆಯುತ್ತಿತ್ತು. ವರ್ಷಕ್ಕೆ ನಾಲ್ಕು ಸಿನಿಮಾ, ಅವನದೇ ತಂಡ. ಅಲ್ಲಿಯ ದೊಡ್ಡವರು ತಮ್ಮ ಗಡಿಯಾರದ ಸಂಜೆ ಐದಕ್ಕೆ, ಅಂದರೆ ಇಲ್ಲಿಯ ಎಂಟಕ್ಕೆ, ಟೀವಿ ಮುಂದೆ ಕೂತು ಇದನ್ನು ನೋಡುವವರಿದ್ದರು. ನೋಡಿ ಮೆಚ್ಚಿದರೆ ಉಳಿಯುವುದು ಒಂದೇ ಕಾಗದ, ವಿಟ್ಲೋ ಬರೆಯಬೇಕಾದ ಒಂದು ಒಳ್ಳೆಯ ಮಾತು. ರೇಡಿಯೋ ಕಚೇರಿಯಲ್ಲಿ ಟಪಾಲು ಹಂಚುವುದರಿಂದ ಶುರುಮಾಡಿದ ನೇಟ್‌ಗೆ ಈಗ ನಲವತ್ತೊಂದು. ಇಂಥ ಬಾಗಿಲು ಎರಡನೇ ಸಲ ತೆರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮೊದಲು ಕೀಸ್‌ನ ಕೋಣೆಗೆ ಹೋದ. ಎರಡು ನಿಮಿಷವನ್ನು ನಾಯಕನೇ ತುಂಬಿಕೊಟ್ಟರೆ ಮೆಂಡಲ್‌ಗೆ ಐದನೆಯ ಮಾತೇ ಬೇಡ.

"ರಾಲ್ಸ್ಟನ್, ಮೂರನೇ ಅಂಕದಲ್ಲಿ ಸ್ವಲ್ಪ ನಿಧಾನ ಮಾಡ್ತೀರಾ?"

ಕೀಸ್ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. "ನಾನು ನಿಧಾನ ಮಾಡಿದ್ರೆ ಜನ ಎದ್ದು ಹೋಗಿ ಫ್ರಿಜ್ ಬಾಗಿಲು ತೆಗೀತಾರಪ್ಪ."

"ಕಂಪನಿಯೋರಿಗೆ ಬೇಕಾಗಿರೋದೂ ಅದೇ ತಾನೆ."

"ಜೋಕಾ? ನಾಟಕದ ವೇಗ ನನ್ನ ನಾಡೀಲಿದೆ, ಗ್ರಾಬರ್. ಎರಡು ನಿಮಿಷ ಬೇಕಾದ್ರೆ ಆ ಬಾಗಿಲಿನೋನ ಹತ್ರ ಇಸ್ಕೊ. ಎಲ್ಲಾ ಅವನನ್ನೇ ಹೊಗಳ್ತಿದಾರಂತಲ್ಲ?"

ಆ ದಾರಿ ಮುಚ್ಚಿತು.

ಸ್ಟುಡಿಯೋ ಕಟ್ಟಡ ಒಂದು ಕಾಲಕ್ಕೆ ಕುದುರೆ ಲಾಯವಾಗಿತ್ತು. ದೀಪಗಳ ಕಾವಿಗೆ ಹಳೆಯ ವಾಸನೆ ಗೋಡೆಯಿಂದ ಇನ್ನೂ ಹೊರಡುತ್ತಿತ್ತು. ಮೆಂಡಲ್ ಹಿಂದಿನ ಮೆಟ್ಟಿಲ ಮೇಲೆ, ಬಾಗಿಲು ಕಾಯುವವನ ಚಿನ್ನದ ಗುಂಡಿಯ ಕೋಟಿನ ಮೇಲೆ ಟವಲು ಹಾಸಿಕೊಂಡು, ಮಾಂಸ ತುಂಬಿದ ರೈ ಬ್ರೆಡ್ಡು ತಿನ್ನುತ್ತಿದ್ದ. ತೊಡೆಯ ಮೇಲೆ ಹೊಸ ಹಾಳೆ. ಮಾತು ಆಗಲೇ ಬಂದು ಮುಟ್ಟಿತ್ತು.

"ಬಾ ಮರಿ. ಉಪ್ಪಿನ ಸೌತೆಕಾಯಿ ತಗೋ. ಇದೇನಿದು? ನಾಲ್ಕು ಮಾತು ಅಂತ ಕರ್ಕೊಂಡು ಬಂದು ರಾಮಾಯಣ ಕೈಗೆ ಕೊಟ್ಟಿದೀಯ?"

"ನಾನು ಕೊಟ್ಟಿದ್ದಲ್ಲ. ನೀವು ಯಾಕೆ ಅಷ್ಟು ಚೆನ್ನಾಗಿ ಮಾಡೋಕೆ ಹೋದ್ರಿ?"

"ಕೆಟ್ಟದಾಗಿ ಮಾಡು ಅಂತ ನೀನೆಲ್ಲಿ ಹೇಳಿದ್ದೆ? ಹೇಳಿದ್ರೆ ಕೀಸ್‌ನ ನೋಡಿ ಕಲೀತಿದ್ದೆ." ನಕ್ಕ ಮೆಂಡಲ್ ತಟ್ಟನೆ ನಿಲ್ಲಿಸಿದ. "ಹೆಸರು ಹಾಕ್ತಾರಾ?"

"ಹಾಕಿ ಅಂತ ಮೇಲಿನೋರು ಕೂತಿದಾರೆ."

ಮೆಂಡಲ್ ಬ್ರೆಡ್ಡನ್ನು ಕಾಗದದಲ್ಲಿ ಮಡಿಸಿಟ್ಟ. "ನೇಟ್, ನಾನು ನಿನಗೆ ಮೊದಲೇ ಹೇಳಿದ್ದೆ. ಎಡಿತ್‌ಳ ಶಾಲೆಯೋರು ಹೋದ ಚಳಿಗಾಲದಲ್ಲಿ ಅವಳನ್ನ ಕರೆಸಿ ಕೇಳಿದ್ರು, ನಿನ್ನ ಗಂಡ ಏನು ಮಾಡ್ತಾನೆ ಅಂತ. ಬೂಟು ಮಾರ್ತಾನೆ, ನಾಟಕದ ಸಹವಾಸ ಬಿಟ್ಟ, ಆ ಜನದ ಸಹವಾಸಾನೂ ಬಿಟ್ಟ ಅಂದಳು. ಅದರ ಮೇಲೆ ಅವಳ ಕೆಲಸ ನಿಂತಿದೆ. ಇವತ್ತು ಟೀವಿಲಿ ನನ್ನ ಹೆಸರು ಬಂದ್ರೆ ಸೋಮವಾರ ಬೆಳಿಗ್ಗೆ ಅವಳನ್ನ ಮತ್ತೆ ಕರೀತಾರೆ. ಪಾಠ ಹೇಳೋದು ಬಿಟ್ರೆ ಅವಳಿಗೆ ಬೇರೆ ಜೀವನ ಇಲ್ಲ ಕಣೋ. ನನ್ನ ಮುಖ ತೋರ್ಸು, ದನಿ ಕೇಳ್ಸು, ಪರವಾಗಿಲ್ಲ. ಹೆಸರು ಬೇಡ."

"ಗೊತ್ತು."

"ಬೇಕಾದ್ರೆ ಈಗಲೇ ನನಗೆ ಹೊಟ್ಟೆನೋವು ಬರತ್ತೆ. ಚೆನ್ನಾಗಿ ನರಳ್ತೀನಿ, ಆಂಬುಲೆನ್ಸೋನೂ ಅಳಬೇಕು."

"ನೀವು ಹೋದ್ರೆ ಬಾಗಿಲು ತೆಗೆಯೋಕೆ ಜನ ಇಲ್ಲ. ಎರಡೂವರೆ ಗಂಟೇಲಿ ಯಾರನ್ನ ತರಲಿ?" ನೇಟ್ ಕೆಳಗಿನ ಮೆಟ್ಟಿಲ ಮೇಲೆ ಕೂತ. "ಬೇರೆ ಹೆಸರು ಕೊಡ್ತೀನಿ. ಫೋನಿಗೂ ಅದೇ, ಸುರುಳಿಗೂ ಅದೇ."

"ಯಾರ ಹೆಸರು? ಬದುಕಿರೋರ ಹೆಸರು ಕೊಟ್ಟರೆ ಅವರು ನಾಳೆ ಬಂದು ನಿಂತ್ಕೋತಾರೆ. ಸುಮ್ಮನೆ ಹುಟ್ಟಿಸಿ ಹೇಳಿದ್ರೆ, ಯಾವುದೋ ಊರಲ್ಲಿ ಅದೇ ಹೆಸರಿನೋನು ಎಂಥಾ ಕ್ರಾಂತಿ ಮಾಡಿರ್ತಾನೋ ಏನೋ."

ನೇಟ್ ಸೌತೆಕಾಯಿ ಎತ್ತಿಕೊಂಡು ಕಚ್ಚಿದ. ಆಮೇಲೆ ನೇಟ್ ಹೇಳಿದ: "ನಮ್ಮಪ್ಪ."

"ಹರ್ಷೆಲ್?" ಮೆಂಡಲ್‌ನ ಮುಖ ಅರಳಿತು. "ಆ ಮನುಷ್ಯ ಮನೇಲಿ ಉಪ್ಪು ಬೇಕಾದ್ರೂ ಬಾಯಿಬಿಟ್ಟು ಕೇಳ್ತಿರಲಿಲ್ಲ. ಯಾವ ಸಭೇಲೂ ಕಣ್ಣು ಬಿಟ್ಟು ಕೂತಿದ್ದೋನಲ್ಲ."

"ಸತ್ತು ಏಳು ವರ್ಷ ಆಯ್ತು. ನಾನು ಹೆಸರು ಮೊಟಕು ಮಾಡ್ಕೊಂಡು ಹದಿನೈದು ವರ್ಷ. ಗ್ರಾಬೋವ್ಸ್ಕಿ ಅಂದ್ರೆ ಇಲ್ಲಿ ಯಾರಿಗೂ ನಾನು ನೆನಪಾಗಲ್ಲ."

"ಹೋಗು, ಹೇಳು. ಬಟ್ಟೆ ಕಾರ್ಖಾನೇಲಿ ಇಸ್ತ್ರಿ ಹಾಕ್ತಾ ಸತ್ತೋನಿಗೆ ಕೊನೆಗೊಂದು ಒಳ್ಳೇ ಪಾತ್ರ ಸಿಕ್ಕಿತು."

ಆರು ಗಂಟೆ ಐದು ನಿಮಿಷಕ್ಕೆ ನೇಟ್ ಫೋನು ಮಾಡಿದ. ಆ ದನಿ ಎಂದಿನಂತೆ ನೆಗಡಿ ಹಿಡಿದಂತಿತ್ತು. ನೇಟ್ ಹೆಸರು ಹೇಳಿದ, ಒಂದೊಂದೇ ಅಕ್ಷರ ಬಿಡಿಸಿದ. ಆ ಕಡೆ ಪೆನ್ನು ಗೀಚುವ ಸದ್ದು ಕೇಳಿಸಿತು. "ನಲವತ್ತು ನಿಮಿಷ," ಎಂದಿತು ದನಿ.

ನಲವತ್ತಾಯಿತು. ಐವತ್ತಾಯಿತು. ಸೆಟ್ಟಿನಲ್ಲಿ ಮೆಂಡಲ್ ಹೊಸ ಮಾತನ್ನು ಒಮ್ಮೆ ಹೇಳಿ ನೋಡಿದ. ಪ್ರುಯಿಟ್ ಚಪ್ಪಾಳೆ ತಟ್ಟಿದ. ವರ್ನಾ ಅಳೆದಳು: ಒಂದು ನಿಮಿಷ ಐವತ್ತೆಂಟು. ಉಳಿದದ್ದನ್ನು ಸಂಗೀತದಿಂದ ಮುಚ್ಚಬಹುದು. ನೇಟ್ ಫೋನಿನ ಪಕ್ಕದಲ್ಲಿ ನಿಂತೇ ಇದ್ದ. ಏಳೂ ಹತ್ತಕ್ಕೆ ಅದು ಹೊಡೆದುಕೊಂಡಿತು.

"ಗ್ರಾಬೋವ್ಸ್ಕಿ, ಹರ್ಷೆಲ್," ಎಂದಿತು ದನಿ. "ಇಲ್ಲ."

"ಏನಂದ್ರಿ?"

"ಇಲ್ಲ."

"ಇನ್ನೊಂದು ಸಲ ನೋಡಿ. ಅವರು..." ಸತ್ತಿದ್ದಾರೆ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು.

"ಮಿಸ್ಟರ್ ಗ್ರಾಬರ್, ನೀವು ಹೊಸಬರಲ್ಲ." ಫೋನು ಇಟ್ಟ ಸದ್ದು.

ನೇಟ್ ತನ್ನ ಕಡೆಯ ಫೋನನ್ನೂ ಇಟ್ಟ. ಅಪ್ಪನಿಗೆ ಇದ್ದದ್ದು ಒಂದೇ ಸಂಘ, ಊರಿನವರೆಲ್ಲ ಸೇರಿ ಕಟ್ಟಿಕೊಂಡದ್ದು. ತಿಂಗಳಿಗಿಷ್ಟು ಕಟ್ಟಿದರೆ ಕಾಯಿಲೆಗೆ ಡಾಕ್ಟರು, ಸತ್ತರೆ ಹೂಳಲು ಮೂರಡಿ ಆರಡಿ ಜಾಗ. ಆ ಸಂಘದವರು ಯಾವತ್ತೋ ಯಾರಿಗೋ ಸಭೆ ಮಾಡಲು ತಮ್ಮ ಕೋಣೆ ಬಿಟ್ಟುಕೊಟ್ಟಿರಬೇಕು. ಅಷ್ಟಕ್ಕೆ ಒಬ್ಬ ಗುಮಾಸ್ತ ಅಪ್ಪನ ಹೆಸರನ್ನು ಬರೆದಿಟ್ಟು, ಅಪ್ಪ ಮಣ್ಣಾದ ಮೇಲೂ ಕಾಯುತ್ತಿದ್ದಾನೆ. ಬಾಯಿ ಬಿಡದೆ ಬದುಕಿದವನಿಗೆ ಐದು ಮಾತಾಡಲು ಅಪ್ಪಣೆ ಇಲ್ಲ.

ಫೋನಿನ ಪಕ್ಕದಲ್ಲಿದ್ದ ಪೆನ್ಸಿಲ್ಲನ್ನು ಮುರಿದು ಎರಡು ತುಂಡು ಮಾಡಿದ. ಅದು ಹೆದರಿಕೆಯಲ್ಲ, ಸಿಟ್ಟು ಎಂದು ಆಮೇಲೆ ತಿಳಿಯಿತು.

"ಏನಂದ್ರು?" ವರ್ನಾ ಬಾಗಿಲಲ್ಲಿ ನಿಂತಿದ್ದಳು. ಅವನ ಮುಖ ನೋಡಿ ಒಳಗೆ ಬಂದು ಬಾಗಿಲು ಹಾಕಿದಳು. "ಸರಿ. ಇನ್ನೊಂದು ಹೆಸರು ಹುಟ್ಟಿಸೋಣ. ಒಪ್ಪಿಗೆ ಬಂತು ಅಂತ ಸುಳ್ಳು ಹೇಳೋಣ. ಯಾರು ಕೇಳ್ತಾರೆ?"

"ಬೇಡ. ಸಾಕು ಹೆಸರು ಹುಟ್ಟಿಸಿದ್ದು. ಸುರುಳೀಲಿ ಮೆಂಡಲ್ ಲುಸ್ಟಿಗ್ ಅಂತಾನೆ ಬರೆಸು. ದಪ್ಪಕ್ಷರ."

"ನೇಟ್..."

"ಕ್ಯಾಲಿಫೋರ್ನಿಯಾದವರೆಗೆ ಓದಲಿ. ನನ್ನದೇನು ಕಿತ್ಕೋತಾರೋ ಕಿತ್ಕೊಳ್ಳಲಿ."

"ನಿಮ್ಮದು ನಿಮಗೆ ಬಿಟ್ಟಿದ್ದು. ಅವರನ್ನ ಕೇಳಿದ್ರಾ?"

ಎಡಿತ್‌ಳ ನೆನಪು ಬಂತು. ಬಂದದ್ದನ್ನು ಅವನು ಪಕ್ಕಕ್ಕೆ ಸರಿಸಿದ. "ಬರೆಸು ಅಂದೆ."

ವರ್ನಾ ಸುರುಳಿ ಬರೆಯುವವನನ್ನು ಹುಡುಕಿಕೊಂಡು ಹೋದಳು. ಮೇಲಿನ ಗಾಜಿನ ಕೋಣೆಯಿಂದ ವಿಟ್ಲೋ ಮೈಕಿನಲ್ಲಿ ಕೇಳಿದ, "ಮಿಸ್ಟರ್ ಗ್ರಾಬರ್, ಆ ಹೆಸರಿನ ಕೆಲಸ?"

"ಎಲ್ಲಾ ಆಯ್ತು," ಎಂದ ನೇಟ್.

ಎಂಟಕ್ಕೆ ಕೆಂಪು ದೀಪ ಹತ್ತಿತು.

ಮೊದಲ ಅಂಕ ಸರಾಗವಾಗಿ ಸಾಗಿತು. ಕೀಸ್ ಎಂದಿನಂತೆ ಓಡಿದ. ಎರಡನೆಯ ಅಂಕ ಮುಗಿದೊಡನೆ ಆರ್ಕ್ಟಾ ಫ್ರಿಜ್ಜಿನ ಹುಡುಗಿ ಬಂದು, ಬಾಗಿಲು ತೆಗೆದು, ಮಂಜುಗಡ್ಡೆಯ ತಟ್ಟೆ ತೋರಿಸಿ ನಕ್ಕಳು. ಆ ಎರಡು ನಿಮಿಷದಲ್ಲಿ ಕೆಳಗೆ ಹೋಟೆಲಿನ ಸೆಟ್ಟಿಗೆ ಕ್ಯಾಮೆರಾಗಳನ್ನು ತಳ್ಳಿದರು. ಹೆಸರಿನ ಸುರುಳಿ ಸುತ್ತಿದ ಉರುಳೆಯನ್ನು ಅದರ ಪಕ್ಕದಲ್ಲೇ ತಂದಿಟ್ಟರು. ಕರಿ ಕಾಗದದ ಮೇಲೆ ಬಿಳಿ ಅಕ್ಷರ. ಕೊನೆಯ ಹೆಸರಿನ ಬಣ್ಣ ಒಣಗಿರಲಿಲ್ಲವೆಂದು ಕೆಲಸಗಾರ ಸುರುಳಿಯನ್ನು ಬಿಚ್ಚಿ ದೀಪಕ್ಕೆ ಹಿಡಿದಿದ್ದ.

ಕಂಟ್ರೋಲ್ ರೂಮಿನ ಗಾಜಿನ ಹಿಂದಿನಿಂದ ನೇಟ್ ನೋಡುತ್ತಿದ್ದ. ಮೆಂಡಲ್ ತನ್ನ ಜಾಗಕ್ಕೆ ಬಂದ, ಕೋಟಿನ ಗುಂಡಿ ಹಾಕಿಕೊಂಡ, ಸುಮ್ಮನೆ ಪಕ್ಕದ ಸುರುಳಿಯತ್ತ ತಿರುಗಿದ. ಗುಂಡಿಯ ಮೇಲಿದ್ದ ಕೈ ಅಲ್ಲೇ ನಿಂತಿತು. ನಿಧಾನವಾಗಿ ತಲೆ ಎತ್ತಿ ಕತ್ತಲೆಯ ಗಾಜಿನತ್ತ ನೋಡಿದ. ಅಲ್ಲಿಂದ ಅವನಿಗೆ ಏನೂ ಕಾಣುವಂತಿರಲಿಲ್ಲ. ಆದರೂ ನೇಟ್ ಒಂದು ಹೆಜ್ಜೆ ಹಿಂದೆ ಸರಿದ.

"ಮೂರನೇ ಅಂಕ," ಎಂದ ಪ್ರುಯಿಟ್. "ಎರಡನೇ ಕ್ಯಾಮೆರಾ ತಗೋ."

ಓಡಿಹೋಗುತ್ತಿರುವ ಜಡ್ಜು ಹೋಟೆಲಿನ ಬಾಗಿಲಿಗೆ ಬಂದ. ಮುದುಕ ಬಾಗಿಲು ತೆರೆದು, ತೆರೆದ ಬಾಗಿಲನ್ನು ಹಿಡಿದೇ ನಿಂತ.

"ಮೂವತ್ತು ವರ್ಷದಿಂದ ಈ ಬಾಗಿಲು ತೆಗೀತಿದೀನಿ ಸ್ವಾಮಿ," ಎಂದ. ಎಂದು, ಸುಮ್ಮನಾದ.

"ಆಹಾ," ಎಂದ ಪ್ರುಯಿಟ್ ಮೆಲ್ಲಗೆ. "ಆ ನಿಲುಗಡೆ ನೋಡು."

"ಒಳಗೆ ಬರೋರು ನನ್ನ ಮುಖ ನೋಡಲ್ಲ. ನಾನೂ ಅವರ ಮುಖ ನೋಡಲ್ಲ." ಮತ್ತೆ ನಿಂತ. "ಕಾಲು ನೋಡ್ತೀನಿ."

"ಆರು ಸೆಕೆಂಡು ಜಾಸ್ತಿ," ಎಂದಳು ವರ್ನಾ.

"ಬರೋರ ಕಾಲು ಬೇರೆ. ಓಡಿ ಬರೋರ ಕಾಲು ಬೇರೆ." ಮುದುಕ ಬಾಗಿದ. ಹಾಳೆಯಲ್ಲಿ ಬಾಗಬೇಕೆಂದು ಇರಲಿಲ್ಲ. ಜಡ್ಜಿನ ಬೂಟಿನ ಮೇಲಿನ ಧೂಳನ್ನು ತನ್ನ ಕೈವಸ್ತ್ರದಿಂದ ಒರೆಸತೊಡಗಿದ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು. ವರ್ಷಗಟ್ಟಲೆ ಬೂಟಿನ ಮುಂದೆ ಬಾಗಿದವನ ಕೈ ಅದು.

"ಹದಿನೆಂಟು ಜಾಸ್ತಿ."

"ಏನು ಮಾಡ್ತಿದಾನೆ ಇವನು?" ಪ್ರುಯಿಟ್‌ನ ದನಿ ಏರಿತು. "ಬೇಗ ಅಂತ ಸನ್ನೆ ಮಾಡ್ರೋ ಅವನಿಗೆ!"

ಕೆಳಗೆ ಸ್ಟೇಜ್ ಮೇಲ್ವಿಚಾರಕ ಕ್ಯಾಮೆರಾದ ಪಕ್ಕ ನಿಂತು ಗಾಳಿಯಲ್ಲಿ ಬೆರಳು ಸುತ್ತಿಸಿದ. ಮೆಂಡಲ್ ಅತ್ತ ಕಣ್ಣು ಹಾಯಿಸಲಿಲ್ಲ. ಕೀಸ್‌ನಿಗೆ ದಿಕ್ಕು ತೋಚಲಿಲ್ಲ. ತನ್ನ ಕಾಲ ಬಳಿ ಬಾಗಿದ ಮುದುಕನನ್ನು ನೋಡಿದ. ಎಷ್ಟೋ ವರ್ಷದ ನಂತರ ಎದುರಿನವನ ಮಾತು ಕೇಳಲೇಬೇಕಾಗಿ ಬಂತು. ಅವನ ಉತ್ತರ ತಡವಾಗಿ, ತಗ್ಗಿ ಬಂತು.

"ಅಯ್ಯೋ ದೇವರೇ, ಕೀಸ್ ನಟನೆ ಮಾಡ್ತಿದಾನೆ," ಎಂದ ಪ್ರುಯಿಟ್. "ಇವತ್ತೇ ಮಾಡಬೇಕಿತ್ತಾ?"

"ಮೂವತ್ತು."

ನೇಟ್‌ಗೆ ಅರ್ಥವಾಗಿತ್ತು, ಆ ಮೊದಲ ನಿಲುಗಡೆಯಲ್ಲೇ. ಹದಿನೈದು ವರ್ಷ ಗಡಿಯಾರದ ಜೊತೆ ಸಂಸಾರ ಮಾಡಿದವನು ಮೆಂಡಲ್. ರೇಡಿಯೋದಲ್ಲಿ ಒಂದು ಸೆಕೆಂಡು ಎತ್ತ ಬಿದ್ದರೂ ಅವನಿಗೆ ಉಸಿರಿನಲ್ಲೇ ತಿಳಿಯುತ್ತಿತ್ತು. ನಾಟಕ ಲಂಬಿಸಿದರೆ ಮೊದಲು ಕತ್ತರಿಸುವುದು ಹೆಸರಿನ ಸುರುಳಿಯನ್ನು ಎಂದು ಈ ಕಸುಬಿನ ಪ್ರತಿಯೊಬ್ಬನಿಗೂ ಗೊತ್ತು. ಆ ಸುರುಳಿಗೆ ನಲವತ್ತೈದು ಸೆಕೆಂಡು. ಮೆಂಡಲ್ ಅಷ್ಟನ್ನೂ ಅಳೆದು ಅಳೆದು ತಿನ್ನುತ್ತಿದ್ದ. ಕೋಟಿ ಜನರ ಮುಂದೆ ನಿಂತು, ಬೇಡ ಎಂದು ನೇಟ್‌ನೊಬ್ಬನಿಗೇ ಹೇಳುತ್ತಿದ್ದ.

ಜಡ್ಜು ತಿರುಗಿ ಹೊರಗೆ ನಡೆದ. ಮುದುಕ ಬಾಗಿಲು ಮುಚ್ಚಿದ. ಸಂಗೀತ.

"ನಲವತ್ತೇಳು ಜಾಸ್ತಿ," ಎಂದಳು ವರ್ನಾ. ಆಮೇಲೆ, ಆ ಕೋಣೆಯಲ್ಲಿ ಯಾವತ್ತೂ ಯಾರೂ ಕೇಳಿರದ ಪ್ರಶ್ನೆ ಕೇಳಿದಳು. "ಹೆಸರು ಬಿಡೋದಾ, ಫ್ರಿಜ್ ಬಿಡೋದಾ?"

ಪ್ರುಯಿಟ್ ಬಾಯಿ ತೆರೆದುಕೊಂಡು ಅವಳನ್ನು ನೋಡಿದ. "ಫ್ರಿಜ್ ಬಿಡೋದು ಅಂದ್ರೆ?"

ವರ್ನಾ ನೋಡುತ್ತಿದ್ದದ್ದು ನೇಟ್‌ನನ್ನು. ಕೊನೆಯ ಜಾಹೀರಾತಿಗೆ ಒಂದು ನಿಮಿಷ. ಅದನ್ನು ತೆಗೆದರೆ ಸುರುಳಿ ಪೂರ್ತಿ ಓಡುತ್ತದೆ. ಮಾತಾಡಿದ ಎಲ್ಲರ ಹೆಸರೂ, ಕೊನೆಗೆ ಮೆಂಡಲ್ ಲುಸ್ಟಿಗ್ ದಪ್ಪಕ್ಷರದಲ್ಲಿ. ಎಂಥ ಏಟು! ಅಪ್ಪನ ಪರವಾಗಿ, ಆ ಹನ್ನೊಂದು ಜನರ ಪರವಾಗಿ. ಕೈ ಎತ್ತಿದರೆ ಸಾಕು. ಏಟು ಬೀಳುವುದು ನೆಗಡಿಯ ದನಿಯವನ ಮೇಲಲ್ಲ, ಎಲ್ಲೋ ಒಂದು ತರಗತಿಯಲ್ಲಿ ಬೋರ್ಡು ಒರೆಸುವ ಎಡಿತ್‌ಳ ಮೇಲೆ.

"ನೇಟ್! ಹತ್ತು ಸೆಕೆಂಡು!"

"ಹೆಸರು ಬಿಡಿ," ಎಂದ ನೇಟ್.

ಫ್ರಿಜ್ಜಿನ ಹುಡುಗಿ ನಕ್ಕಳು. ಒಂಬತ್ತಾಯಿತು. ಕೆಂಪು ದೀಪ ಆರಿತು.

ಹಿಂದಿನ ಓಣಿಯಲ್ಲಿ ಮೆಂಡಲ್ ಆಗಲೇ ತನ್ನ ಹಳೆಯ ಓವರ್‌ಕೋಟು ತೊಟ್ಟಿದ್ದ. ಕಿವಿಯ ಹಿಂದೆ ಬಣ್ಣ ಉಳಿದಿತ್ತು.

"ಜಾಸ್ತಿ ಎಳೆದೆನಾ?"

"ನಲವತ್ತೇಳು ಸೆಕೆಂಡು."

"ಎರಡು ಹೆಚ್ಚಾಯ್ತು. ಅಭ್ಯಾಸ ತಪ್ಪಿದೆ." ಟೋಪಿ ಹಾಕಿಕೊಂಡ. ನಗಲಿಲ್ಲ. "ನಿನಗೆ ಸಿಟ್ಟು ಬಂದಿದೆ, ಬರಲಿ. ಬರಬೇಕಾದ್ದೇ. ಆದ್ರೆ ನನ್ನ ಹೆಸರು ಹಿಡ್ಕೊಂಡು ನಿನ್ನ ಜಗಳ ಆಡಬೇಡ ಕಣೋ. ಜಗಳ ಆಡೋಕೆ ನಿನಗೇ ಒಂದು ಹೆಸರಿದೆ."

ನೇಟ್ ತಲೆ ಆಡಿಸಿದ. ಮೆಂಡಲ್ ಅವನ ಕೆನ್ನೆ ತಟ್ಟಿ, ಸುರಂಗ ರೈಲಿನ ಕಡೆ ಹೊರಟ.

ವಿಟ್ಲೋ ಕಂಟ್ರೋಲ್ ರೂಮಿನಲ್ಲಿ ಕಾಯುತ್ತಿದ್ದ. ವರ್ನಾ ಹಾಳೆಗಳನ್ನು ಜೋಡಿಸುತ್ತಿದ್ದಳು. "ಕ್ಯಾಲಿಫೋರ್ನಿಯಾದಿಂದ ಆಗಲೇ ಫೋನು ಬಂತು," ಎಂದ ವಿಟ್ಲೋ. "ತುಂಬಾ ಖುಷಿಯಾಗಿದಾರೆ. ನನ್ನ ಪತ್ರ ನಾಳೆ ಹೋಗತ್ತೆ. ಹೆಸರು ತೋರ್ಸೋಕೆ ಆಗಲಿಲ್ಲ ಅನ್ನೋದೊಂದೇ ಬೇಜಾರು. ಆ ಬಾಗಿಲಿನೋರಿಗೆ ಮುಂದಿನ ತಿಂಗಳು ದೊಡ್ಡ ಪಾತ್ರ ಕೊಡೋಣ. ಏನಂತ ಒಪ್ಪಿಗೆ ಬಂತು ಅವರ ಹೆಸರು?"

ಎಲ್ಲವೂ ಮುಗಿದಿತ್ತು. ಒಂದು ಸುಳ್ಳು ಸಾಕಿತ್ತು, ಅದೂ ಚಿಕ್ಕದು.

"ಒಪ್ಪಿಗೆ ಬರಲಿಲ್ಲ," ಎಂದ ನೇಟ್. "ಇಲ್ಲ ಅಂದ್ರು."

ವಿಟ್ಲೋ ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದ. "ಇಲ್ಲ ಅಂದ್ರೂ ಅವನನ್ನ ಆಡಿಸಿದ್ರಾ?"

"ನಾನು ಕೊಟ್ಟಿದ್ದು ಅವರ ಹೆಸರಲ್ಲ. ನಮ್ಮಪ್ಪನ ಹೆಸರು. ಗ್ರಾಬೋವ್ಸ್ಕಿ. ನನ್ನದೂ ಅದೇ."

"ಹಾಗಾದ್ರೆ ಆ ಮನುಷ್ಯನ ಹೆಸರೇನು?"

"ಅದನ್ನ ನಾನು ಹೇಳಲ್ಲ."

ವಿಟ್ಲೋ ಗಾಜಿನಾಚೆಯ ಖಾಲಿ ಸೆಟ್ಟಿನತ್ತ ನೋಡಿದ. ಆ ಮುದುಕನಿಗೆ ಮಾತು ಕೊಡಿ ಅಂದವನು ತಾನೇ, ಅಧ್ಯಕ್ಷರ ಹೆಂಡತಿಯ ಮುಂದೆ ಮೆಚ್ಚಿದವನೂ ತಾನೇ ಎಂಬುದು ಅವನ ಮುಖದ ಮೇಲೆ ಒಂದೊಂದಾಗಿ ಹಾದುಹೋಯಿತು. "ಆ ಮನುಷ್ಯನ ಬಗ್ಗೆ ನಾನೇನೂ ಕೇಳಲಿಲ್ಲ, ನೀವೇನೂ ಹೇಳಲಿಲ್ಲ," ಎಂದ ಕೊನೆಗೆ. "ನಾಲ್ಕು ಮಾತಾಡಿದ, ಹೋದ. ಆದ್ರೆ ನಿಮ್ಮ ವಿಷಯ ಬೇರೆ. ಅದನ್ನ ನಾನು ಕೇಳಿಸಿಕೊಂಡಾಗಿದೆ. ಸೋಮವಾರದ ಪಟ್ಟೀಲಿ ಮೊದಲನೇ ಹೆಸರು ನಿಮ್ಮದಿರಲಿ. ಎರಡೂ ಹೆಸರು. ಪತ್ರ ಅಲ್ಲೀವರೆಗೆ ನನ್ನ ಹತ್ರಾನೇ ಇರತ್ತೆ."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೊಸ ನಾಟಕದ ಓದು. ಪಕ್ಕದ ಕೋಣೆಯಲ್ಲಿ ಎಂಟು ಜನ ನಟರು ಮಡಿಚುವ ಕುರ್ಚಿಗಳ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

"ನಿಮ್ಮ ಹೆಸರಿರೋ ಈ ಪಟ್ಟೀಗೆ ನಾನಂತೂ ಫೋನು ಹಚ್ಚಿಕೊಡಲ್ಲ," ಎಂದಳು ವರ್ನಾ. "ಬೇಕಾದ್ರೆ ಕೆಲಸದಿಂದ ತೆಗೀರಿ."

"ಕೊಡು ಇಲ್ಲಿ."

ನೇಟ್ ನಂಬರು ತಿರುಗಿಸಿದ. ನೆಗಡಿ ದನಿ ಬಂತು. ಅವನು ಮೊದಲ ಹೆಸರು ಹೇಳಿದ, ನೇಥನ್ ಗ್ರಾಬರ್. ಆಮೇಲೆ ಹುಟ್ಟಿದಾಗಿನ ಹೆಸರು, ಒಂದೊಂದೇ ಅಕ್ಷರ. ಮೆಂಡಲ್ ಕಲಿಸಿದ್ದಂತೆ, ಕೊನೆಯನ್ನು ನುಂಗದೆ.

ಪೆನ್ನು ಗೀಚುವುದು ನಿಂತಿತು. "ಯಾವ ಪಾತ್ರ?"

"ನಿರ್ಮಾಪಕ."

ಉಳಿದ ಎಂಟು ಹೆಸರುಗಳನ್ನೂ ಓದಿ ಫೋನಿಟ್ಟ. ನಲವತ್ತು ನಿಮಿಷ ಬೇಕಾಗಲಿಲ್ಲ. ಏಳನೆಯ ನಿಮಿಷಕ್ಕೆ ಅದು ಹೊಡೆದುಕೊಂಡಿತು.

"ಮೊದಲನೆಯದು ಇಲ್ಲ," ಎಂದಿತು ದನಿ. "ಉಳಿದವರೆಲ್ಲ ಹೌದು."

"ಎಂಟೂ ಜನ?"

"ಎಂಟೂ ಜನ."

"ಸರಿ," ಎಂದು ನೇಟ್ ಫೋನಿಟ್ಟ. ವರ್ನಾ ಸ್ಟಾಪ್‌ವಾಚು, ಪೆನ್ಸಿಲ್ಲು ತೆಗೆದುಕೊಂಡು ಅವನ ಹಿಂದೆ ಬಂದಳು. ವಿಟ್ಲೋನಿಗೆ ಈ ಸುದ್ದಿ ಊಟದ ಹೊತ್ತಿಗೆ ಮುಟ್ಟುತ್ತದೆ. ಅಲ್ಲಿಯವರೆಗೆ ಈ ಕೆಲಸ ಅವನದೇ, ಇನ್ನೂ ಎರಡು ಗಂಟೆ. ನೇಟ್ ಪಕ್ಕದ ಕೋಣೆಯ ಬಾಗಿಲು ತಳ್ಳಿದ. ಎಂಟು ಮುಖಗಳು ಒಟ್ಟಿಗೆ ಮೇಲೆದ್ದವು. ಪ್ರತಿ ಸೋಮವಾರ ಅವನು ಈ ಬಾಗಿಲಿಗೆ ಬಂದಾಗ ಅವರು ಯಾಕೆ ಹಾಗೆ ಉಸಿರು ಹಿಡಿಯುತ್ತಿದ್ದರೆಂದು ಅವನಿಗೆ ಈಗ ಗೊತ್ತಾಯಿತು.

"ಎಲ್ಲರೂ ಇದೀರಿ," ಎಂದ. "ಎಲ್ಲರೂ ಇರ್ತೀರಿ. ಮೊದಲನೇ ಪುಟ ತೆಗೀರಿ."